ಮೋಟರ್‌ಹೋಮ್: ದಾರಿಯಲ್ಲಿ ಕೆಟ್ಟಾಗ

ಲಾರಿ, ಬಸ್ಸು ಅಥವಾ ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಓಡಾಡುವ ಮನೆಗೆ ಮೋಟರ್‌ಹೋಮ್ ಎನ್ನುತ್ತಾರೆ. ಮಲಗಲು ಹಾಸಿಗೆ, ಅಡುಗೆಗೆ ಒಲೆ, ಫ್ರಿಜ್ಜು, ಸ್ನಾನದ ಕೋಣೆ, ಪಾಯಿಖಾನೆ ಎಲ್ಲ ಅದರೊಳಗೇ ಇರುತ್ತವೆ. ಕಾರಿನ ಹಿಂದೆ ಸಿಕ್ಕಿಸಿ ಎಳೆಯುವ ಟ್ರೈಲರಿಗೆ ಸ್ವಂತ ಎಂಜಿನ್ ಇರುವುದಿಲ್ಲ, ಇದಕ್ಕೆ ಇರುತ್ತದೆ. ಅಮೆರಿಕದಲ್ಲಿ ಇವುಗಳನ್ನು ಮೂರು ವರ್ಗ ಮಾಡುತ್ತಾರೆ: ಬಹುಮಟ್ಟಿಗೆ ಬಸ್ಸಿನ ಗಾತ್ರದ ಎ ವರ್ಗ, ವ್ಯಾನಿನೊಳಗೇ ಮನೆ ಹೂಡಿದ ಬಿ ವರ್ಗ, ಚಾಲಕನ ತಲೆಯ ಮೇಲೆ ಅಟ್ಟದ ಹಾಸಿಗೆ ಚಾಚಿಕೊಂಡಿರುವ ಸಿ ವರ್ಗ.

ಪ್ರವಾಸದ ನಡುವೆ ಇದು ಕೆಟ್ಟರೆ ಬರುವ ತೊಡಕೇ ಬೇರೆ. ಒಂದೇ ಗಾಡಿಯಲ್ಲಿ ಚಾಸಿ ಫೋರ್ಡ್ ಅಥವಾ ಫ್ರೈಟ್‌ಲೈನರ್ ಕಂಪನಿಯದು, ಡೀಸೆಲ್ ಎಂಜಿನ್ ಕಮಿನ್ಸ್‌ನದು, ಗೇರ್‌ಬಾಕ್ಸ್ ಆಲಿಸನ್‌ನದು, ಜನರೇಟರ್ ಓನನ್‌ನದು, ಫ್ರಿಜ್ಜು ಡೊಮೆಟಿಕ್ ಅಥವಾ ನಾರ್‌ಕೋಲ್ಡ್‌ನದು, ನೀರು ಕಾಯಿಸುವ ಹಂಡೆ ಸಬರ್ಬನ್‌ನದು. ಇಷ್ಟನ್ನೂ ಜೋಡಿಸಿ, ಗೋಡೆ ಚಾವಣಿ ಕಟ್ಟಿ, ಮೇಲೆ ತನ್ನ ಹೆಸರು ಬರೆಯುವ ಕಂಪನಿ ಇನ್ನೊಂದು. ಒಬ್ಬೊಬ್ಬರ ವಾರಂಟಿ ಬೇರೆ, ಸರ್ವಿಸ್ ಸೆಂಟರ್ ಬೇರೆ. ಲಾರಿ ಮೆಕ್ಯಾನಿಕ್ ಫ್ರಿಜ್ಜಿಗೆ ಕೈ ಹಾಕುವುದಿಲ್ಲ. ಮನೆಭಾಗ ನೋಡುವವರ ಶೆಡ್ಡಿನಲ್ಲಿ ಹತ್ತಾರು ಟನ್ನಿನ ಗಾಡಿ ಎತ್ತುವ ಸಲಕರಣೆ ಇರುವುದಿಲ್ಲ. ಕಾನೂನು ಕೂಡ ಈ ಗೆರೆಯನ್ನೇ ಎಳೆದಿದೆ. ದೋಷವಿರುವ ಹೊಸ ವಾಹನ ಕೊಂಡವರನ್ನು ಕಾಪಾಡುವ ಕ್ಯಾಲಿಫೋರ್ನಿಯದ ಕಾನೂನು ಮೋಟರ್‌ಹೋಮಿನ ಚಾಸಿ, ಎಂಜಿನ್ ಭಾಗವನ್ನು ಮೋಟರು ವಾಹನದ ಲೆಕ್ಕಕ್ಕೆ ಸೇರಿಸಿ, ವಾಸಕ್ಕೆಂದು ಕಟ್ಟಿದ ಭಾಗವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಹೀಗಾಗಿ ದಾರಿಯಲ್ಲಿ ಕೆಟ್ಟು ನಿಂತಾಗ ಮೊದಲು ತೀರ್ಮಾನವಾಗಬೇಕಾದದ್ದು ದೋಷ ಯಾರ ಪಾಲಿನದು ಎಂಬುದು. ಅದನ್ನು ಬಹುಮಟ್ಟಿಗೆ ಗಾಡಿಯಲ್ಲಿ ಕೂತವರೇ ಮಾಡಬೇಕು. ತೊಂದರೆ ಒಂದೆಡೆ ಕಾಣಿಸಿಕೊಂಡು ಕಾರಣ ಇನ್ನೊಂದೆಡೆ ಇರುವುದು ಇಲ್ಲಿ ತೀರ ಸಾಮಾನ್ಯ.

ಹಿನ್ನೆಲೆ

ಪಿಯರ್ಸ್-ಆ್ಯರೋ ಕಂಪನಿ 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರದರ್ಶಿಸಿದ ಟೂರಿಂಗ್ ಲ್ಯಾಂಡೋ ಎಂಬ ಗಾಡಿಯನ್ನು ಸಾಮಾನ್ಯವಾಗಿ ಈ ಕುಲದ ಮೊದಲನೆಯದೆಂದು ಎಣಿಸುತ್ತಾರೆ. ಆದರೆ ದಾರಿಯಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವ ಪದ್ಧತಿಯನ್ನು ಬೆಳೆಸಿದವರು 1919ರಲ್ಲಿ ಫ್ಲಾರಿಡದ ಟ್ಯಾಂಪಾದಲ್ಲಿ ಒಟ್ಟುಗೂಡಿದ ಟಿನ್ ಕ್ಯಾನ್ ಟೂರಿಸ್ಟ್ಸ್ ಎಂಬ ಬಳಗದವರು. ರೇಡಿಯೇಟರಿನ ಮುಚ್ಚಳಕ್ಕೆ ಬೆಸುಗೆ ಹಾಕಿದ ತಗಡಿನ ಡಬ್ಬಿ ಅವರ ಗುರುತು. ಫೋರ್ಡಿನ ಮಾಡೆಲ್ ಟಿ ಗಾಡಿಯನ್ನು ರಸ್ತೆಬದಿಯಲ್ಲೇ ಬಿಚ್ಚಿ ಜೋಡಿಸುವುದು ಅವರಿಗೆ ನಿತ್ಯದ ಕೆಲಸವಾಗಿತ್ತು. 1966ರಲ್ಲಿ ಅಯೋವದ ಫಾರೆಸ್ಟ್ ಸಿಟಿಯ ವಿನ್ನಿಬೇಗೊ ಕಂಪನಿ ಮೋಟರ್‌ಹೋಮ್ ತಯಾರಿಕೆಗೆ ಇಳಿದ ಮೇಲೆ ಈ ಗಾಡಿ ಮಧ್ಯಮ ವರ್ಗದ ಕೈಗೆಟುಕಿತು. ಅಲ್ಲಿಂದ ಗಾಡಿಯೊಳಗಿನ ಯಂತ್ರಗಳೂ ಹೆಚ್ಚುತ್ತ ಬಂದವು. ಇಂದು ಅಮೆರಿಕದ ತಯಾರಿಕೆಯ ಬಹುಪಾಲು ಇಂಡಿಯಾನ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ನಡೆಯುತ್ತದೆ.

ಜನರಲ್ ಮೋಟರ್ಸ್ 1973ರಿಂದ 1978ರವರೆಗೆ ಮುಂದಿನ ಗಾಲಿಗಳಿಂದ ಎಳೆಯುವ ಒಂದು ಮೋಟರ್‌ಹೋಮ್ ತಯಾರಿಸಿ ನಿಲ್ಲಿಸಿತು. ಕಂಪನಿಯ ಬೆಂಬಲ ಹೋಗಿ ಹಲವು ದಶಕಗಳಾದರೂ ಆ ಗಾಡಿಗಳು ಇಂದಿಗೂ ರಸ್ತೆಯಲ್ಲಿವೆ. ಮಾಲೀಕರು ತಮ್ಮಲ್ಲೇ ಒಂದು ಪಟ್ಟಿ ಇಟ್ಟುಕೊಂಡಿದ್ದಾರೆ. ತಮ್ಮ ಊರಿನ ಬಳಿ ಅದೇ ಗಾಡಿ ಕೆಟ್ಟು ನಿಂತರೆ ಹೋಗಿ ನೆರವಾಗಲು ಒಪ್ಪಿದವರ ಹೆಸರುಗಳು ಅದರಲ್ಲಿರುತ್ತವೆ. ಕಂಪನಿ ಕೈಬಿಟ್ಟ ಗಾಡಿಯನ್ನು ಇಷ್ಟು ಕಾಲ ಓಡಿಸಿದ ಶ್ರೇಯಸ್ಸಿನಲ್ಲಿ ಈ ಪಟ್ಟಿಗೂ ಪಾಲಿದೆ.

ಟೈರು ಮತ್ತು ತೂಕ

ಹೆದ್ದಾರಿಯಲ್ಲಿ ಜೀವಕ್ಕೆ ಎರವಾಗುವ ದೋಷಗಳಲ್ಲಿ ಮೊದಲಿನದು ಟೈರಿನದು. ಮೋಟರ್‌ಹೋಮ್ ವರ್ಷದ ಬಹುಭಾಗ ನಿಂತೇ ಇರುವುದರಿಂದ ಓಡಿ ಸವೆಯುವ ಮೊದಲೇ ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಬಟನ್ ಹೊಸದರಂತೆ ಎದ್ದು ಕಾಣುತ್ತದೆ, ಒಳಗಿನ ಪದರಗಳು ಹಳತಾಗಿರುತ್ತವೆ. ಆದ್ದರಿಂದ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಲು ಕಲಿಯಬೇಕು. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಆರೇಳು ವರ್ಷ ದಾಟಿದ ಟೈರನ್ನು, ಎಷ್ಟೇ ಚೆನ್ನಾಗಿ ಕಂಡರೂ, ಬದಲಿಸುವುದು ಜಾಣತನ.

ವಯಸ್ಸಿನ ಜೊತೆಗೆ ತೂಕ ಸೇರಿದರೆ ಅಪಾಯ ಇಮ್ಮಡಿಸುತ್ತದೆ. ನೀರು ಲೀಟರಿಗೆ ಒಂದು ಕಿಲೋ. ದೊಡ್ಡ ಗಾಡಿಯ ಕುಡಿಯುವ ನೀರಿನ ಟ್ಯಾಂಕಿನಲ್ಲೇ 300-400 ಲೀಟರ್ ಹಿಡಿಯುತ್ತದೆ. ಅದರ ಮೇಲೆ ಪಾತ್ರೆ, ಅಕ್ಕಿ, ಪುಸ್ತಕ, ಸೈಕಲ್ಲು. ಕಂಪನಿ ನಿಗದಿ ಮಾಡಿದ ಒಟ್ಟು ತೂಕದ ಮಿತಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುತ್ತದೆ. ತುಂಬಿದ ಗಾಡಿ ಎಷ್ಟು ತೂಗುತ್ತದೆ ಎಂಬುದನ್ನು ತೂಗಿಯೇ ತಿಳಿಯಬೇಕು. ಅಮೆರಿಕದ ಲಾರಿ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಸೇತುವೆಗಳಿವೆ, ಪ್ರತಿ ಆ್ಯಕ್ಸಲಿನ ತೂಕ ಬೇರೆ ಬೇರೆ ಮುದ್ರಿಸಿ ಕೊಡುತ್ತವೆ. ಆ ತೂಕಕ್ಕೆ ತಕ್ಕಂತೆ, ಟೈರು ತಣ್ಣಗಿರುವ ಬೆಳಗಿನ ಹೊತ್ತಿನಲ್ಲಿ ಗಾಳಿ ತುಂಬಬೇಕು. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನದನ್ನು ನೋಡುವುದು ಎಲ್ಲರೂ ಮರೆಯುವ ಕೆಲಸ. ಅದರ ಗಾಳಿ ಇಳಿದರೆ ಭಾರವೆಲ್ಲ ಹೊರಗಿನದರ ಮೇಲೆ ಬಿದ್ದು, ಕೊನೆಗೆ ಸಿಡಿಯುವುದು ಗಟ್ಟಿಯಾಗಿದ್ದ ಹೊರಗಿನ ಟೈರು.

ತಯಾರಕರ ತಪ್ಪಿನಿಂದಲೂ ಅನಾಹುತವಾಗಿದೆ. ಗುಡ್‌ಇಯರ್ ಕಂಪನಿಯ ಜಿ159 ಎಂಬ ಟೈರು ನಗರಗಳಲ್ಲಿ ಸರಕು ಹಂಚುವ ಲಾರಿಗಳಿಗೆ ಒಪ್ಪುವಂಥದ್ದು. ಅದನ್ನು ಮೋಟರ್‌ಹೋಮುಗಳಿಗೂ ಹಾಕಿದರು. ಗಂಟೆಗಟ್ಟಲೆ ಹೆದ್ದಾರಿಯ ವೇಗದಲ್ಲಿ ಓಡಿ ಕಾದಾಗ ಬಟನ್ ಪದರ ಕಿತ್ತುಬರುತ್ತಿತ್ತು. ಸಾವುನೋವುಗಳ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2017ರ ಕೊನೆಯಲ್ಲಿ ತನಿಖೆ ತೆರೆಯಿತು. 1996ರಿಂದ 2003ರವರೆಗೆ ತಯಾರಾದ ಸುಮಾರು 1.73 ಲಕ್ಷ ಟೈರುಗಳನ್ನು ಕಂಪನಿ ಹಿಂದಕ್ಕೆ ಕರೆದದ್ದು 2022ರಲ್ಲಿ. ಕೊನೆಯ ಟೈರು ತಯಾರಾಗಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ಬಂದ ಆ ಕ್ರಮ ಅನೇಕ ಕುಟುಂಬಗಳಿಗೆ ತೀರ ತಡವಾಗಿತ್ತು.

ಓಡುತ್ತಿರುವಾಗ ಮುಂದಿನ ಟೈರು ಸಿಡಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಗಾಡಿ ಸಿಡಿದ ಗಾಲಿಯ ಕಡೆಗೆ ಎಳೆಯುವಾಗ ಬ್ರೇಕು ಒತ್ತಿದರೆ ಆ ಎಳೆತ ಹೆಚ್ಚುತ್ತದೆ. ಆ್ಯಕ್ಸಿಲರೇಟರನ್ನು ಕ್ಷಣಕಾಲ ಒತ್ತಿಹಿಡಿದು, ಸ್ಟಿಯರಿಂಗ್ ಬಿಗಿಯಾಗಿ ಹಿಡಿದು ಗಾಡಿಯನ್ನು ನೇರ ಮಾಡಿಕೊಂಡು, ಆಮೇಲೆ ಮೆಲ್ಲನೆ ವೇಗ ಇಳಿಸಿ ಬದಿಗೆ ಬರಬೇಕು. ಎ ವರ್ಗದ ಬಹುತೇಕ ಗಾಡಿಗಳಲ್ಲಿ ಸ್ಟೆಪ್ನಿ ಇರುವುದೇ ಇಲ್ಲ. ಇದ್ದರೂ ಅದನ್ನು ಒಬ್ಬರೇ ಎತ್ತಿ ಕೂರಿಸುವುದು ಆಗದ ಮಾತು. ಲಾರಿ ಟೈರಿನ ಸಂಚಾರಿ ಸೇವೆಯವರು ಬರುವತನಕ ಕಾಯಬೇಕು. ಗಾಡಿಯ ಹಿಂದೆ ದೂರದಲ್ಲಿ ಎಚ್ಚರಿಕೆಯ ತ್ರಿಕೋನಗಳನ್ನಿಟ್ಟು, ಜನರೆಲ್ಲ ರಸ್ತೆಯ ತಡೆಗೋಡೆಯ ಆಚೆ ನಿಂತು ಕಾಯುವುದು ಲೇಸು.

ಎಂಜಿನ್, ಬ್ರೇಕು, ಘಟ್ಟ

ಹಿಂದುಗಡೆ ಎಂಜಿನ್ ಇರುವ ಡೀಸೆಲ್ ಗಾಡಿಗಳು ಏರಿನಲ್ಲಿ ಕಾಯುವುದಕ್ಕೆ ಒಂದು ವಿಚಿತ್ರ ಕಾರಣವಿದೆ. ರೇಡಿಯೇಟರ್ ಹಿಂಭಾಗದಲ್ಲಿರುತ್ತದೆ. ಎಂಜಿನ್ನಿನ ಉಸಿರುಕೊಳವೆಯಿಂದ ಹೊರಬರುವ ಎಣ್ಣೆಯ ಮಂಜು ಅದರ ರೆಕ್ಕೆಗಳ ಮೇಲೆ ಕೂರುತ್ತದೆ, ಗಾಲಿಗಳು ಎಬ್ಬಿಸಿದ ಧೂಳು ಅದಕ್ಕೆ ಅಂಟುತ್ತದೆ. ಹೊರಗಿನಿಂದ ನೋಡಿದರೆ ಸ್ವಚ್ಛ, ಒಳಪದರದಲ್ಲಿ ಜಿಡ್ಡಿನ ಹೆಂಟೆ. ಚಾಲಕ ಥರ್ಮೋಸ್ಟಾಟ್ ಬದಲಿಸುತ್ತಾನೆ, ವಾಟರ್ ಪಂಪು ಬದಲಿಸುತ್ತಾನೆ. ಬೇಕಾಗಿದ್ದದ್ದು ಸಾಬೂನು ನೀರಿನ ತೊಳೆತ. ಕ್ಯಾಲಿಫೋರ್ನಿಯದ ಬೇಕರ್ ಪಟ್ಟಣದ ಬಳಿಯ ಉದ್ದನೆಯ ಏರಿನಲ್ಲಿ, ಎಂಜಿನ್ ಕಾಯದಿರಲು ಎಸಿ ಆರಿಸಿ ಎಂಬ ಫಲಕ ಹೆದ್ದಾರಿ ಇಲಾಖೆಯೇ ಹಾಕಿದೆ. ಬೇಸಿಗೆಯಲ್ಲಿ ಡೆತ್ ವ್ಯಾಲಿಗೆ ತಮ್ಮ ಗಾಡಿ ಒಯ್ಯಲು ಕೆಲವು ಬಾಡಿಗೆ ಸಂಸ್ಥೆಗಳು ಅನುಮತಿ ಕೊಡುವುದಿಲ್ಲ.

ಏರಿಗಿಂತ ಇಳಿಜಾರು ಅಪಾಯ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ನಮ್ಮ ಶಿರಾಡಿ, ಚಾರ್ಮಾಡಿ ಘಾಟಿಗಳ ಲಾರಿ ಚಾಲಕರು ಪಾಲಿಸುವ ನಿಯಮವೇ ವಯೋಮಿಂಗಿನ ಟೀಟನ್ ಕಣಿವೆದಾರಿಗೂ ಸಲ್ಲುತ್ತದೆ. ಅಲ್ಲಿ ಇಳಿಜಾರು ಶೇ. 10ರಷ್ಟಿದೆ. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ನಿಂತೇ ಇದ್ದ ಗಾಡಿಯಲ್ಲಿ ವರ್ಷಗಳ ಹಳೆಯ ಆಯಿಲಿದ್ದರೆ, ಕಾಲು ಎತ್ತದೆ ಬ್ರೇಕು ಒತ್ತಿ ಇಳಿಯುವಾಗ ಅದರಲ್ಲಿನ ನೀರು ಕುದಿದು ಆವಿಯಾಗಿ ಪೆಡಲ್ ಸರ್ರನೆ ಕೆಳಗೆ ಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದು ಅಗ್ಗದ ಕೆಲಸ.

ಹೊಸ ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿಗೆಂದು ಯೂರಿಯಾ ದ್ರಾವಣದ ಟ್ಯಾಂಕು ಇರುತ್ತದೆ. ಅದರೊಳಗಿನ ಸೆನ್ಸರ್ ಕೆಟ್ಟರೆ ಎಂಜಿನ್ನಿಗೆ ಬೇರೇನೂ ಆಗಿರದಿದ್ದರೂ ಕಂಪ್ಯೂಟರು ಹಂತಹಂತವಾಗಿ ಶಕ್ತಿ ಕಡಿತಗೊಳಿಸಿ ಕೊನೆಗೆ ಗಂಟೆಗೆ ಐದು ಮೈಲಿಗೆ, ಎಂದರೆ ನಡಿಗೆಗಿಂತ ತುಸು ಹೆಚ್ಚಿನ ವೇಗಕ್ಕೆ, ಗಾಡಿಯನ್ನು ಕಟ್ಟಿಹಾಕುತ್ತದೆ. 2021ರಲ್ಲಿ ಚಿಪ್ ಕೊರತೆಯಿಂದ ಈ ಸೆನ್ಸರ್ ತಿಂಗಳುಗಟ್ಟಲೆ ಸಿಗದೆ ಅನೇಕ ಮೋಟರ್‌ಹೋಮುಗಳು ಗ್ಯಾರೇಜುಗಳ ಅಂಗಳದಲ್ಲಿ ನಿಂತವು. 1963ರಿಂದ ಇರುವ ಎಫ್‌ಎಂಸಿಎ ಎಂಬ ಮಾಲೀಕರ ಸಂಘ ದನಿಯೆತ್ತಿತು. ಕಮಿನ್ಸ್ ಕಂಪನಿ ಪರಿಸರ ಇಲಾಖೆಯ ಒಪ್ಪಿಗೆಯೊಂದಿಗೆ ತಾತ್ಕಾಲಿಕ ಸಾಫ್ಟ್‌ವೇರ್ ಪರಿಹಾರ ಕೊಟ್ಟಿತು. ಒಂದು ಸಣ್ಣ ತುಣುಕಿಗಾಗಿ ಮನೆಯೇ ನಿಂತುಹೋಗುವಂತೆ ಯಂತ್ರ ಕಟ್ಟಬಾರದು ಎಂದು ಮಾಲೀಕರು ಕೇಳುವುದರಲ್ಲಿ ನ್ಯಾಯವಿದೆ.

ಪ್ರಾಣಿಗಳ ಕಾಟವೂ ಉಂಟು. ಕ್ಯಾಲಿಫೋರ್ನಿಯದ ಸಿಕ್ವೋಯ ರಾಷ್ಟ್ರೀಯ ಉದ್ಯಾನದ ಮಿನರಲ್ ಕಿಂಗ್ ಕಣಿವೆಯಲ್ಲಿ ಮಾರ್ಮೋಟ್ ಎಂಬ ದಪ್ಪ ಅಳಿಲಿನ ಜಾತಿಯವು ನಿಂತ ವಾಹನಗಳ ರೇಡಿಯೇಟರ್ ಪೈಪು, ವಯರುಗಳನ್ನು ಕಡಿಯುತ್ತವೆ. ಗಾಡಿಯ ಅಡಿಭಾಗವನ್ನು ಟಾರ್ಪಾಲಿನಿನಿಂದ ಸುತ್ತಿ ನಿಲ್ಲಿಸುವ ರೂಢಿ ಅಲ್ಲಿದೆ.

ಎರಡು ಬಗೆಯ ಕರೆಂಟು

ಮನೆಭಾಗದ ದೂರುಗಳಲ್ಲಿ ಹೆಚ್ಚಿನವುಗಳ ಬೇರು ಕರೆಂಟಿನಲ್ಲಿರುತ್ತದೆ. ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇವೆಲ್ಲ 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತವೆ. ಎಸಿ, ಮೈಕ್ರೋವೇವ್ ಮುಂತಾದವಕ್ಕೆ ಅಮೆರಿಕದಲ್ಲಿ 120 ವೋಲ್ಟು ಬೇಕು. ಅದು ತಂಗುದಾಣದ ಪ್ಲಗ್ಗಿನಿಂದ ಅಥವಾ ಜನರೇಟರಿನಿಂದ ಬರುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ಸ್ಟಾರ್ಟಿಂಗ್ ಬ್ಯಾಟರಿ ಇಳಿದುಹೋದರೆ ಮನೆಯ ಬ್ಯಾಟರಿಯನ್ನು ಅದಕ್ಕೆ ಕ್ಷಣಕಾಲ ಜೋಡಿಸುವ ಗುಂಡಿಯೊಂದು ಅನೇಕ ಗಾಡಿಗಳ ಡ್ಯಾಷ್‌ಬೋರ್ಡಿನಲ್ಲೇ ಇರುತ್ತದೆ. ಅದು ಇರುವುದು ತಿಳಿಯದೆ ನೆರವಿಗೆ ಫೋನ್ ಮಾಡುವವರು ಬಹಳ.

ದೋಷ ಒಂದೆಡೆ, ಕಾರಣ ಇನ್ನೊಂದೆಡೆ ಎಂಬುದಕ್ಕೆ ಚಳಿರಾತ್ರಿಯ ಹೀಟರಿಗಿಂತ ಒಳ್ಳೆಯ ನಿದರ್ಶನ ಸಿಗದು. ಬೆಳಗಿನ ಜಾವ, ಹೊರಗೆ ಹಿಮ. ಗ್ಯಾಸಿನಿಂದ ಉರಿಯುವ ಹೀಟರಿನ ಫ್ಯಾನು ತಿರುಗುವ ಸದ್ದು ಕೇಳುತ್ತದೆ, ಗಾಳಿ ಮಾತ್ರ ತಣ್ಣಗೆ ಬರುತ್ತದೆ. ಗ್ಯಾಸ್ ಮುಗಿದಿರಬೇಕೆಂದು ಎದ್ದು ನೋಡಿದರೆ ಸಿಲಿಂಡರಿನಲ್ಲಿ ಅರ್ಧ ಇದೆ, ಒಲೆಯೂ ಹೊತ್ತಿಕೊಳ್ಳುತ್ತದೆ. ಹಾಗಾದರೆ ಹೀಟರೇ ಕೆಟ್ಟಿದೆ ಎನಿಸುತ್ತದೆ. ಹೀಟರಿನೊಳಗೆ ಗಾಳಿಯ ಒತ್ತಿಗೆ ಬಾಗುವ ಒಂದು ತೆಳು ತಗಡಿನ ಸ್ವಿಚ್ಚಿದೆ. ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿದರೆ ಮಾತ್ರ ಅದು ಬಾಗಿ ಕಿಡಿ ಹಚ್ಚಲು ಅನುಮತಿ ಕೊಡುತ್ತದೆ. ರಾತ್ರಿಯಿಡೀ ಫ್ಯಾನು ಓಡಿಸಿದ ಬ್ಯಾಟರಿ ಈಗ ಸುಮಾರು 11 ವೋಲ್ಟಿಗೆ ಇಳಿದಿದೆ. ಫ್ಯಾನು ತಿರುಗುತ್ತದೆ, ಸಾಕಷ್ಟು ವೇಗವಾಗಿ ಅಲ್ಲ. ಮಲ್ಟಿಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಗೆ ಮುಟ್ಟಿಸಿದರೆ ಅರ್ಧ ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಪೂರ್ತಿ ಚಾರ್ಜಾದ ಸೀಸದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, 12.1ರ ಸುಮಾರಿಗೆ ಬಂದರೆ ಅರ್ಧ ಖಾಲಿ. ಎಂಜಿನ್ ಅಥವಾ ಜನರೇಟರ್ ಶುರು ಮಾಡಿದೊಡನೆ ಹೀಟರು ಹೊತ್ತಿಕೊಳ್ಳುತ್ತದೆ. ಈ ಒಂದು ಪರೀಕ್ಷೆ ಗೊತ್ತಿಲ್ಲದೆ ಹೀಟರಿನ ಸರ್ಕಿಟ್ ಬೋರ್ಡುಗಳನ್ನು ಬದಲಿಸಿದವರು ಅನೇಕರು. ಈಚೆಗೆ ಬಂದಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹೀಗೆ ಬೇಗ ಕುಸಿಯುವುದಿಲ್ಲ. ಆದರೆ ಬ್ಯಾಟರಿಯೇ ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಅದನ್ನು ಚಾರ್ಜ್ ಮಾಡಿದರೆ ಒಳಗೆ ಹಾಳಾಗುತ್ತದೆ.

ತಂಗುದಾಣದ ಪ್ಲಗ್ಗಿನ ಕಂಬ ಇನ್ನೊಂದು ಕಷ್ಟದ ತಾಣ. 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು 3,600 ವ್ಯಾಟು, 50 ಆಂಪಿಯರಿನದರಲ್ಲಿ ಎರಡು ತಂತಿಗಳು ಸೇರಿ 12,000 ವ್ಯಾಟು. 30 ಆಂಪಿಯರಿನಲ್ಲಿ ಎಸಿ 13, ನೀರು ಕಾಯಿಸುವ ಕಾಯಿಲ್ 12 ಆಂಪಿಯರ್ ಎಳೆಯುತ್ತಿರುವಾಗ ಮೈಕ್ರೋವೇವ್ ಹಚ್ಚಿದರೆ ಟ್ರಿಪ್ ಆಗುವುದು ಖಂಡಿತ. ಟ್ರಿಪ್ ಆದರೆ ಒಳ್ಳೆಯದೇ. ಕೆಟ್ಟದ್ದು ಬೇಸಿಗೆಯ ಸಂಜೆ ಎಲ್ಲರೂ ಎಸಿ ಹಾಕಿದಾಗ ವೋಲ್ಟೇಜು ಮೆಲ್ಲನೆ 100ರತ್ತ ಇಳಿಯುವುದು. ಎಸಿಯ ಕಂಪ್ರೆಸರ್ ಹೆಚ್ಚು ಆಂಪಿಯರ್ ಎಳೆದು ಕಾದು ಸುಡುತ್ತದೆ. ಸುಟ್ಟಾಗ ಪ್ರಯಾಣಿಕ ಬೇರೆ ರಾಜ್ಯದಲ್ಲಿರುತ್ತಾನೆ, ತಪ್ಪು ಎಸಿಯ ಮೇಲೆ ಬೀಳುತ್ತದೆ. 104 ವೋಲ್ಟಿಗಿಂತ ಕೆಳಗಿಳಿದರೆ ತಾನಾಗಿ ಕಡಿದುಹಾಕುವ ರಕ್ಷಕ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಅರ್ಥಿಂಗ್ ಕಡಿದಿದ್ದರೆ, ತಂತಿ ಅದಲುಬದಲಾಗಿದ್ದರೆ ಅವು ಸಂಪರ್ಕವನ್ನೇ ಕೊಡುವುದಿಲ್ಲ. ಅರ್ಥಿಂಗ್ ಇಲ್ಲದ ಪ್ಲಗ್ಗಿನಿಂದ ಗಾಡಿಯ ಇಡೀ ಲೋಹದ ಮೈಗೆ ಕರೆಂಟು ಏರಬಹುದು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ ಎಂದರೆ ತಕ್ಷಣ ಕಂಬದ ಬ್ರೇಕರ್ ಇಳಿಸಬೇಕು. ಮೋಟರ್‌ಹೋಮಿಗೆ ಹಣ ಖರ್ಚು ಮಾಡುವವರು ಮೊದಲು ಕೊಳ್ಳಬೇಕಾದದ್ದು ಈ ಪೆಟ್ಟಿಗೆ ಎಂಬುದರಲ್ಲಿ ಅನುಮಾನವಿಲ್ಲ.

ಪೆಟ್ರೋಲ್ ಜನರೇಟರಿಗೆ ಕೆಲಸವಿಲ್ಲದಿರುವುದೇ ರೋಗ. ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ. ತಿಂಗಳಿಗೊಮ್ಮೆ, ಎಸಿಯಂಥ ಅರ್ಧ ಹೊರೆ ಕೊಟ್ಟು, ಒಂದೆರಡು ಗಂಟೆ ಓಡಿಸಬೇಕು. ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಕಡಿಮೆ ಇಂಧನವಿದ್ದರೆ ಜನರೇಟರ್ ನಿಂತುಹೋಗುತ್ತದೆ. ಗಾಡಿ ಓಡಿಸಿಕೊಂಡು ಊರು ಸೇರಲು ಇಂಧನ ಉಳಿಯಲೆಂದು ಹೀರುಕೊಳವೆಯನ್ನು ಬೇಕೆಂದೇ ಮೇಲೆ ನಿಲ್ಲಿಸಿರುತ್ತಾರೆ.

ಗ್ಯಾಸು ಮತ್ತು ಫ್ರಿಜ್ಜು

ಅಮೆರಿಕದ ಮೋಟರ್‌ಹೋಮುಗಳು ಪ್ರೊಪೇನ್ ಬಳಸುತ್ತವೆ. ಅದು ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುವುದರಿಂದ ಹಿಮದಲ್ಲೂ ಒಲೆ ಉರಿಯುತ್ತದೆ. ಬ್ಯೂಟೇನ್ ಸೊನ್ನೆಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಬೆಚ್ಚಗಿನ ದೇಶದಲ್ಲಿ ತುಂಬಿಸಿದ ಸಿಲಿಂಡರನ್ನು ಚಳಿಯ ಬೆಟ್ಟಕ್ಕೆ ಒಯ್ದವರಿಗೆ ಸಿಲಿಂಡರ್ ಭಾರವಾಗಿದ್ದೂ ಒಲೆ ಹೊತ್ತದಿರಲು ಇದೇ ಕಾರಣ. ಸೋರಿದ ಗ್ಯಾಸು ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಇಳಿಯುತ್ತದೆ. ಆದ್ದರಿಂದ ಅದರ ಅಲಾರಂ ಕಾಲಿನ ಮಟ್ಟದಲ್ಲಿರುತ್ತದೆ. ಆ ಅಲಾರಮ್ಮಿಗೂ ಆಯುಸ್ಸಿದೆ, ಹಿಂಬದಿಯಲ್ಲಿ ದಿನಾಂಕ ಅಚ್ಚಾಗಿರುತ್ತದೆ. ಜಂಟಿಗಳಿಗೆ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ನೋಡುವುದು ಈಗಲೂ ನಂಬಬಹುದಾದ ಪರೀಕ್ಷೆ. ಸೋರಿಕೆಯ ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ ಹೊರಬಂದು, ಹೊರಗಿನಿಂದ ಸಿಲಿಂಡರಿನ ವಾಲ್ವು ಮುಚ್ಚಬೇಕು. ಹೀಟರು, ಬಿಸಿನೀರಿನ ಹಂಡೆಗಳ ಬರ್ನರ್ ಕೊಳವೆಯಲ್ಲಿ ಕುಂಬಾರಹುಳಗಳು ಮಣ್ಣಿನ ಗೂಡು ಕಟ್ಟಿ ಉರಿ ಕೆಡಿಸುವುದೂ ಸಾಮಾನ್ಯ, ಹೊರಬಾಯಿಗೆ ತಂತಿಬಲೆ ಹಾಕಿದರೆ ತಡೆಯಬಹುದು.

ಗ್ಯಾಸಿನಿಂದ ತಂಪಾಗುವ ಫ್ರಿಜ್ಜು 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ರೂಪಿಸಿದ ತಂತ್ರ. ಅಮೋನಿಯ, ನೀರು, ಹೈಡ್ರೊಜನ್ ಮೂರೂ ಬಿಗಿಯಾದ ಕೊಳವೆಗಳಲ್ಲಿ ಸುತ್ತುತ್ತವೆ. ಚಲಿಸುವ ಭಾಗ ಒಂದೂ ಇಲ್ಲ. ದ್ರವ ತನ್ನ ಭಾರದಿಂದಲೇ ಕೆಳಗೆ ಹರಿಯಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಲ್ಲಬೇಕು. ಪಕ್ಕಕ್ಕೆ ಸುಮಾರು ಮೂರು ಡಿಗ್ರಿಗಿಂತ ಹೆಚ್ಚು ವಾಲಿಸಿ ನಿಲ್ಲಿಸಿ ಗಂಟೆಗಟ್ಟಲೆ ಫ್ರಿಜ್ಜು ನಡೆಸಿದರೆ ದ್ರವ ಒಂದೆಡೆ ತಂಗಿ, ಕುದಿಯುವ ಭಾಗ ಒಣಗಿ ಕಾದು, ತುಕ್ಕು ತಡೆಯಲು ಬೆರೆಸಿದ ಲವಣ ಗಟ್ಟಿಯಾಗಿ ಕೊಳವೆ ಕಟ್ಟುತ್ತದೆ. ಆ ಹಾನಿ ಮತ್ತೆ ಸರಿಹೋಗದು. ಓಡುವಾಗ ಕುಲುಕಾಟದಿಂದ ದ್ರವ ತಂಗುವುದಿಲ್ಲ, ನಿಂತಾಗಲೇ ತೊಂದರೆ. ಫ್ರಿಜ್ಜಿನ ಬಳಿ ಅಮೋನಿಯದ ಘಾಟು ಬಂದರೆ ಆರಿಸಿ, ಕಿಟಕಿ ತೆರೆದು, ಮತ್ತೆ ಹಚ್ಚದಿರಬೇಕು. ಬೆಂಕಿಯ ಅಪಾಯದಿಂದಾಗಿ ಡೊಮೆಟಿಕ್ 2006ರಲ್ಲಿ ಲಕ್ಷಗಟ್ಟಲೆ ಫ್ರಿಜ್ಜುಗಳನ್ನು ತಿದ್ದಲು ಹಿಂದಕ್ಕೆ ಕರೆದಿತ್ತು. ಹಳೆಯ ಗಾಡಿ ಕೊಳ್ಳುವವರು ಆ ತಿದ್ದುಪಡಿ ಆಗಿದೆಯೇ ಎಂದು ಕೇಳಬೇಕು. ಹೊಸ ಗಾಡಿಗಳಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳು ಈಗ ಈ ಜಾಗ ಹಿಡಿಯುತ್ತಿವೆ.

ನೀರು, ಚಾವಣಿ, ಜಾರುಗೋಡೆ

ಯಾವ ನಲ್ಲಿಯೂ ತೆರೆದಿಲ್ಲದಾಗ ಪಂಪು ಆಗಾಗ ಗುರ್ ಎಂದರೆ ಎಲ್ಲೋ ಸೋರುತ್ತಿದೆ ಅಥವಾ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನೊಳಗಿನ ವಾಲ್ವು ಸವೆದಿದೆ. ಕೆಲವು ತಂಗುದಾಣಗಳ ನಲ್ಲಿಯ ಒತ್ತಡ ಗಾಡಿಯ ಪ್ಲಾಸ್ಟಿಕ್ ಜಂಟಿಗಳು ತಡೆಯುವುದಕ್ಕಿಂತ ಹೆಚ್ಚು. ಒತ್ತಡವನ್ನು 40-50 ಪಿಎಸ್‌ಐಗೆ ಇಳಿಸುವ ರೆಗ್ಯುಲೇಟರನ್ನು ನಲ್ಲಿಯ ಬಾಯಿಗೇ ತಿರುಗಿಸಿ ಆಮೇಲೆ ಹೋಸು ಜೋಡಿಸಬೇಕು. ಹಿಮಗಾಲಕ್ಕೆ ಮುನ್ನ ನೀರೆಲ್ಲ ಬಸಿದು, ಕೊಳವೆಗಳಲ್ಲಿ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ತುಂಬಿಸುತ್ತಾರೆ. ಎಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಕುಡಿಯುವ ನೀರಿನ ಕೊಳವೆಗೆ ಸಲ್ಲದು. ಪಾಯಿಖಾನೆಯ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಟ್ಟರೆ ದ್ರವ ಹರಿದುಹೋಗಿ ಘನ ಗುಡ್ಡೆಯಾಗುತ್ತದೆ. ಮುಚ್ಚಿಟ್ಟು, ಧಾರಾಳ ನೀರು ಬಳಸಿ, ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು.

ಇವುಗಳಿಗಿಂತ ದುಬಾರಿಯಾದದ್ದು ಚಾವಣಿಯ ಸೋರಿಕೆ. ಕಿಂಡಿ, ಎಸಿ, ಆಂಟೆನಾಗಳ ಸುತ್ತ ಬಳಿದ ಸೀಲೆಂಟು ಬಿಸಿಲಿಗೆ ಬಿರಿದು, ಕೂದಲೆಳೆಯ ಸಂದಿನಲ್ಲಿ ನೀರು ಇಳಿದು, ಗೋಡೆಯೊಳಗಿನ ಪ್ಲೈವುಡ್ ವರ್ಷಗಟ್ಟಲೆ ಸದ್ದಿಲ್ಲದೆ ಕೊಳೆಯುತ್ತದೆ. ಹೊರಗೋಡೆಯ ಫೈಬರ್ ಹಾಳೆ ಉಬ್ಬಿದಾಗಲೇ ಗೊತ್ತಾಗುವುದು, ಅಷ್ಟರಲ್ಲಿ ರಿಪೇರಿಯ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟಿರುತ್ತದೆ. ವರ್ಷಕ್ಕೆ ಎರಡು ಸಲವಾದರೂ ಏಣಿ ಹತ್ತಿ ನೋಡಬೇಕು. ದಾರಿಯಲ್ಲಿ ಮಳೆ ಹಿಡಿದರೆ ಬ್ಯೂಟೈಲ್ ಅಂಟಿನ ಅಗಲ ಟೇಪು ತಾತ್ಕಾಲಿಕ ರಕ್ಷೆ. ಚಾವಣಿಗೆ ತಕ್ಕ ಸೀಲೆಂಟನ್ನೇ ಬಳಸಬೇಕು. ರಬ್ಬರಿನ ಚಾವಣಿಗೆ ಅಂಗಡಿಯ ಸಿಲಿಕೋನ್ ಬಳಿದರೆ ಹಿಡಿಯದು, ಮುಂದೆ ಸರಿಯಾದದ್ದನ್ನೂ ಹಿಡಿಯಗೊಡದು.

ನಿಂತಾಗ ಹೊರಚಾಚಿ ಕೋಣೆ ಅಗಲಿಸುವ ಜಾರುಗೋಡೆ ಒಳಬರಲು ನಿರಾಕರಿಸಿದರೆ ಗಾಡಿ ಕದಲುವಂತಿಲ್ಲ. ಮೊದಲು ಬ್ಯಾಟರಿಯ ವೋಲ್ಟೇಜು, ಆಮೇಲೆ ಫ್ಯೂಸು, ಆಮೇಲೆ ಹಳಿಯಲ್ಲಿ ಸಿಕ್ಕಿದ ಕಡ್ಡಿ ಕಲ್ಲು ನೋಡಬೇಕು. ಕೈಯಿಂದ ಒಳಸೇರಿಸುವ ವಿಧಾನ ಪ್ರತಿ ಗಾಡಿಗೂ ಇದೆ. ಅದರ ಹಿಡಿ ಎಲ್ಲಿದೆ, ಮೋಟರಿನ ಬ್ರೇಕು ಹೇಗೆ ಬಿಡಿಸಬೇಕು ಎಂಬುದನ್ನು ಮನೆಯಂಗಳದಲ್ಲೇ ಒಮ್ಮೆ ಮಾಡಿ ನೋಡಿರಬೇಕು.

ನೆರವಿಗೆ ಬರುವವರು

ಕೋಚ್-ನೆಟ್, ಗುಡ್ ಸ್ಯಾಮ್, ಎಎಎ ಮುಂತಾದವು ರಸ್ತೆನೆರವಿನ ಚಂದಾ ಯೋಜನೆ ನಡೆಸುತ್ತವೆ. ಯೋಜನೆ ಕೊಳ್ಳುವಾಗ ನೋಡಬೇಕಾದದ್ದು ಗಾಡಿಯ ತೂಕ, ಉದ್ದಕ್ಕೆ ಅದು ಒಪ್ಪುತ್ತದೆಯೇ ಎಂದು. ಕಾರು ಎಳೆಯುವ ಲಾರಿ ಡೀಸೆಲ್ ಮೋಟರ್‌ಹೋಮನ್ನು ಎಳೆಯಲಾರದು. ದೊಡ್ಡ ಲಾರಿ ಬಂದರೂ ಗೇರ್‌ಬಾಕ್ಸ್ ಹಾಳಾಗದಿರಲು ಡ್ರೈವ್ ಶಾಫ್ಟ್ ಬಿಚ್ಚಿಯೇ ಎಳೆಯಬೇಕು. ತಂಗುದಾಣಕ್ಕೇ ಬಂದು ಮನೆಭಾಗ ರಿಪೇರಿ ಮಾಡುವ ಸಂಚಾರಿ ಟೆಕ್ನಿಷಿಯನ್ನರು ಈಚಿನ ವರ್ಷಗಳಲ್ಲಿ ಹೆಚ್ಚಿದ್ದಾರೆ. ಟೆಕ್ಸಸ್ಸಿನ ಅಥೆನ್ಸ್ ಪಟ್ಟಣದ ತರಬೇತಿ ಶಾಲೆಯಲ್ಲಿ ಈ ಕಸಬು ಕಲಿಯುವವರ ಜೊತೆ ಮಾಲೀಕರೂ ಸೇರುತ್ತಾರೆ. ಚಳಿಗಾಲದಲ್ಲಿ ಅರಿಜೋನದ ಕ್ವಾರ್ಟ್‌ಸೈಟ್ ಮರುಭೂಮಿಯಲ್ಲಿ ಸಾವಿರಾರು ಗಾಡಿಗಳು ನೆರೆದಾಗ ಸೋಲಾರ್ ಕೂರಿಸುವವರು, ಫ್ರಿಜ್ಜು ನೋಡುವವರು, ಬಿಡಿಭಾಗ ಮಾರುವವರು ಎಲ್ಲ ಅಲ್ಲೇ ಸಿಗುತ್ತಾರೆ.

ಅಲಬಾಮದ ರೆಡ್ ಬೇ ಇನ್ನೊಂದು ಬಗೆಯ ಊರು. 1972ರಲ್ಲಿ ಶುರುವಾದ ಟಿಫಿನ್ ಕಂಪನಿಯ ಕಾರ್ಖಾನೆ ಇಲ್ಲಿದೆ. ದೇಶದ ಮೂಲೆಮೂಲೆಯಿಂದ ಮಾಲೀಕರು ಗಾಡಿ ಓಡಿಸಿಕೊಂಡು ಬಂದು, ಸರ್ವಿಸ್ ಸೆಂಟರಿನ ಪಕ್ಕದ ತಂಗುದಾಣದಲ್ಲಿ ಸರದಿಗಾಗಿ ದಿನ, ವಾರಗಟ್ಟಲೆ ಕಾಯುತ್ತಾರೆ. ಬೆಳಿಗ್ಗೆ ಸರದಿ ಬಂದವರು ಗಾಡಿಯನ್ನು ಶೆಡ್ಡಿಗೆ ಬಿಟ್ಟು, ಸಂಜೆ ಅದೇ ಗಾಡಿಯಲ್ಲಿ ಮಲಗಲು ಹಿಂದಿರುಗುತ್ತಾರೆ. ಕಾರ್ಖಾನೆಯಲ್ಲಿ ಪಳಗಿದವರ ಸಣ್ಣ ವರ್ಕ್‌ಶಾಪುಗಳು ಊರ ಸುತ್ತ ಬೆಳೆದಿವೆ. ಬಣ್ಣದವರು ಒಂದೆಡೆ, ಸೀಟು ಹೊಲಿಯುವವರು ಇನ್ನೊಂದೆಡೆ. ಕಾಯುವ ಸಾಲಿನಲ್ಲಿ ಮಾಲೀಕರು ಒಬ್ಬರಿಗೊಬ್ಬರು ಹೇಳಿಕೊಡುವ ರಿಪೇರಿ ವಿದ್ಯೆ ಅಧಿಕೃತ ಕೈಪಿಡಿಗಳಿಗಿಂತ ಬೆಲೆಬಾಳುತ್ತದೆ. ಕಟ್ಟಿದವರ ಕೈಯಲ್ಲೇ ಗಾಡಿಯ ಎಲ್ಲ ಭಾಗಗಳನ್ನೂ ಒಟ್ಟಿಗೆ ತೋರಿಸಬಹುದಾದ ಇಂಥ ಊರುಗಳು ಬಹಳ ಕಡಿಮೆ.

ಬೇಸಿಗೆ ರಜೆಯಲ್ಲಿ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ನೋಡಲು ಸಿ ವರ್ಗದ ಗಾಡಿ ಬಾಡಿಗೆಗೆ ಹಿಡಿಯುವ ಅಮೆರಿಕದ ಕನ್ನಡ ಕುಟುಂಬಗಳಿಗೆ ನಿಯಮಗಳು ಸರಳ. ಗಾಡಿ ಕೈಗೆ ತೆಗೆದುಕೊಳ್ಳುವಾಗ ಟೈರು, ಚಾವಣಿಯ ಮೂಲೆ, ಈಗಾಗಲೇ ಆಗಿರುವ ಗೀರುಗಳ ವಿಡಿಯೊ ಮಾಡಿಕೊಳ್ಳಬೇಕು. ಒಲೆ, ಹೀಟರು, ಪಂಪು, ಫ್ರಿಜ್ಜು ಎಲ್ಲವನ್ನೂ ಬಾಡಿಗೆ ಕೊಡುವವರ ಎದುರೇ ಹಚ್ಚಿ ನೋಡಬೇಕು. ರಿಪೇರಿಗೆ ಮುನ್ನ ಸಂಸ್ಥೆಗೆ ಫೋನ್ ಮಾಡಿ ಒಪ್ಪಿಗೆ ಪಡೆಯದಿದ್ದರೆ ಹಣ ವಾಪಸ್ಸು ಬರುವುದು ಕಷ್ಟ. ಉದ್ಯಾನಗಳ ಒಳಗೆ ಫೋನಿನ ಸಿಗ್ನಲ್ ಸಿಗದ ಜಾಗ ಬಹಳ, ಆದ್ದರಿಂದ ಗೇಟು ದಾಟುವ ಮುನ್ನವೇ ಸಣ್ಣ ಅನುಮಾನವನ್ನೂ ಬಗೆಹರಿಸಿಕೊಳ್ಳಬೇಕು.

ಇತರ ದೇಶಗಳಲ್ಲಿ

ಯುರೋಪಿನ ಮೋಟರ್‌ಹೋಮುಗಳಲ್ಲಿ ಬಹುಪಾಲು ಫಿಯೆಟ್ ಡುಕಾಟೊ ಚಾಸಿಯವಾದ್ದರಿಂದ ಎಂಜಿನ್ ಭಾಗಕ್ಕೆ ಬಿಡಿಭಾಗದ ಕೊರತೆ ಕಡಿಮೆ. ಗಡಿ ದಾಟಿದಾಗ ಗ್ಯಾಸ್ ಸಿಲಿಂಡರಿನ ಜಂಟಿ ಬದಲಾಗುವುದು ಅಲ್ಲಿನ ಪೀಡೆ, ಅಡಾಪ್ಟರುಗಳ ಗಂಟೇ ಬೇಕು. ಆಸ್ಟ್ರೇಲಿಯದ ಒಳನಾಡಿನ ಮಣ್ಣುರಸ್ತೆಗಳ ಏರಿಳಿತದ ಅಲುಗಾಟಕ್ಕೆ ನಟ್ಟು, ತಿರುಪು, ವಯರಿನ ಜಂಟಿ ಎಲ್ಲ ಸಡಿಲವಾಗುತ್ತವೆ. ಟೈರಿನ ಗಾಳಿ ತುಸು ಇಳಿಸಿ, ನಿಧಾನವಾಗಿ ಓಡಿಸಿ, ಪ್ರತಿ ಸಂಜೆ ಬೋಲ್ಟುಗಳನ್ನು ಮುಟ್ಟಿ ನೋಡುವುದು ಅಲ್ಲಿನವರ ವಾಡಿಕೆ.

ಭಾರತದಲ್ಲಿ ಮೋಟರ್ ಕ್ಯಾರವಾನುಗಳಿಗೆ ಎಐಎಸ್-124 ಎಂಬ ತಾಂತ್ರಿಕ ಮಾನದಂಡವಿದೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ಪ್ರಕಟಿಸಿತು. ಬೆಂಗಳೂರಿನಿಂದಲೂ ಬಾಡಿಗೆ ಗಾಡಿಗಳು ಹೊರಡುತ್ತವೆ. ಚಾಸಿ ಕೆಟ್ಟರೆ ಇಲ್ಲಿ ಚಿಂತೆ ಕಡಿಮೆ. ಟಾಟಾ, ಫೋರ್ಸ್ ಗಾಡಿಗಳನ್ನು ಬಲ್ಲ ಮೆಕ್ಯಾನಿಕ್ ತಾಲ್ಲೂಕು ಕೇಂದ್ರಗಳಲ್ಲಿ ಸಿಗುತ್ತಾನೆ, ಪಂಕ್ಚರ್ ಅಂಗಡಿ ಹೆದ್ದಾರಿಯುದ್ದಕ್ಕೂ ಇದೆ. ಮನೆಭಾಗಕ್ಕೆ ಮಾತ್ರ ಬಾಡಿ ಕಟ್ಟಿದವರನ್ನೇ ಫೋನಿನಲ್ಲಿ ಹಿಡಿಯಬೇಕು. ಪಾಯಿಖಾನೆಯ ಟ್ಯಾಂಕು ಬರಿದು ಮಾಡುವ ವ್ಯವಸ್ಥಿತ ಜಾಗಗಳು ಅಪರೂಪ, ಹೊರಡುವ ಮುನ್ನವೇ ತಂಗುವ ಕಡೆ ಕೇಳಿ ಗೊತ್ತುಮಾಡಿಕೊಳ್ಳಬೇಕು. ಮಲೆನಾಡಿನ ಹೋಮ್‌ಸ್ಟೇ ಅಂಗಳದಲ್ಲಿ ರಾತ್ರಿ ತಂಗುವವರಿಗೆ ಸಿಗುವುದು ಬಹುಮಟ್ಟಿಗೆ 16 ಆಂಪಿಯರಿನ ಒಂದು ಪ್ಲಗ್ಗು. 230 ವೋಲ್ಟಿನಲ್ಲಿ ಅದು ಸುಮಾರು 3,700 ವ್ಯಾಟು ಕೊಡಬಲ್ಲದು, ಒಂದು ಎಸಿ ಮತ್ತು ದೀಪಗಳಿಗೆ ಧಾರಾಳ ಸಾಕು. ಹಳೆಯ ಮನೆಗಳಲ್ಲಿ ಆ ಪ್ಲಗ್ಗಿನ ಅರ್ಥಿಂಗ್ ಎಷ್ಟೋ ವೇಳೆ ಹೆಸರಿಗಷ್ಟೇ ಇರುತ್ತದೆ. ಕೇಬಲ್ ಜೋಡಿಸುವ ಮೊದಲು ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿ ನೋಡಿ, ಅರ್ಥಿಂಗ್ ಇಲ್ಲವೆಂದಾದರೆ ಆ ರಾತ್ರಿ ಬ್ಯಾಟರಿಯ ಮೇಲೆಯೇ ಕಳೆಯಬೇಕು.